ಶೇ 100 ಪೂರ್ಣ: ಉದ್ಯೋಗಿಗಳ ಆನ್‌ಲೈನ್ ತರಬೇತಿ ಅಳೆಯುತ್ತಿರುವುದು ಏನನ್ನು?

ಬ್ಯಾಂಕಿನಿಂದಲೋ ಕಚೇರಿಯಿಂದಲೋ ಬಂದಂತೆ ಕಾಣುವ ಮೋಸದ ಇಮೇಲ್‌ಗೆ ಫಿಶಿಂಗ್ ಎನ್ನುತ್ತಾರೆ. ಅಂಥ ಮೇಲ್‌ನಲ್ಲಿರುವ ಲಿಂಕ್ ಒತ್ತಬೇಡಿ ಎಂದು ಹೇಳಿಕೊಡುವ ಕೋರ್ಸನ್ನು ದೊಡ್ಡ ಸಂಸ್ಥೆಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವರು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಮಾಡಲೇಬೇಕು. ಅದರಿಂದ ನಿಜಕ್ಕೂ ಉಪಯೋಗವಾಗುತ್ತಿದೆಯೇ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಆರೋಗ್ಯ ಸಂಸ್ಥೆಯಲ್ಲಿ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. 19,500ಕ್ಕೂ ಹೆಚ್ಚು ನೌಕರರಿಗೆ ಎಂಟು ತಿಂಗಳ ಅವಧಿಯಲ್ಲಿ ಹತ್ತು ಬಗೆಯ ನಕಲಿ ಫಿಶಿಂಗ್ ಮೇಲ್ ಕಳಿಸಿ, ಯಾರು ಲಿಂಕ್ ಒತ್ತುತ್ತಾರೆ, ಯಾರು ಒತ್ತುವುದಿಲ್ಲ ಎಂದು ಲೆಕ್ಕ ಇಟ್ಟರು. 2025ರಲ್ಲಿ ಹೊರಬಂದ ಫಲಿತಾಂಶ ತರಬೇತಿ ಕ್ಷೇತ್ರದಲ್ಲಿರುವ ಎಲ್ಲರೂ ಕೂತು ಓದಬೇಕಾದದ್ದು.

ವಾರ್ಷಿಕ ಕೋರ್ಸನ್ನು ಮೊನ್ನೆ ಮೊನ್ನೆ ಮುಗಿಸಿದವರಿಗೂ, ಮುಗಿಸಿ ಬಹಳ ಕಾಲವಾದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಲಿಂಕ್ ಒತ್ತಿದ ತಕ್ಷಣ ತೆರೆಯ ಮೇಲೆ ಪಾಠ ಬರುವಂತೆ ಮಾಡಿದ ಗುಂಪಿಗೂ ಯಾವ ಪಾಠವೂ ಇಲ್ಲದ ಗುಂಪಿಗೂ ನಡುವೆ ಇದ್ದ ಅಂತರ ಸರಾಸರಿ ಶೇ 1.7 ಮಾತ್ರ. ಜನ ಮೋಸ ಹೋಗುವುದು ಮೇಲ್‌ನ ವಿಷಯದ ಮೇಲೆ ನಿಂತಿತ್ತು: ಪಾಸ್‌ವರ್ಡ್ ಬದಲಿಸಿ ಎಂಬ ಮೇಲ್‌ಗೆ ಶೇ 2ಕ್ಕಿಂತ ಕಡಿಮೆ ಜನ ಸಿಕ್ಕಿಬಿದ್ದರೆ, ರಜೆಯ ನಿಯಮ ಬದಲಾಗಿದೆ ಎಂಬ ಮೇಲ್‌ಗೆ ಶೇ 30ರಷ್ಟು ಮಂದಿ ಸಿಕ್ಕಿಬಿದ್ದರು. ಇನ್ನು ತೆರೆಯ ಮೇಲೆ ಬಂದ ಆ ಪಾಠದ ಕಥೆ ಏನು? ಮುಕ್ಕಾಲು ಪಾಲಿಗೂ ಹೆಚ್ಚು ಸಲ ನೌಕರರು ಅದರ ಮುಂದೆ ಒಂದು ನಿಮಿಷವೂ ಇರಲಿಲ್ಲ. ಅನೇಕರು ಪುಟ ತೆರೆಯುತ್ತಿದ್ದಂತೆ ಮುಚ್ಚಿದ್ದರು.

ಇದನ್ನು ಓದಿ 'ನೌಕರರಿಗೆ ಶ್ರದ್ಧೆ ಇಲ್ಲ' ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನನಗೆ ಅದು ಅನ್ಯಾಯದ ತೀರ್ಮಾನ ಎನಿಸುತ್ತದೆ. ಕೈತುಂಬ ಕೆಲಸ ಇಟ್ಟುಕೊಂಡ ನರ್ಸ್ ಒಬ್ಬರು ಮೇಲ್ ತೆರೆದಾಗ ಅಡ್ಡ ಬಂದ ಪುಟವನ್ನು ಮುಚ್ಚಿದರೆ ಅವರು ತಮ್ಮ ಕೆಲಸಕ್ಕೆ ಮರಳುತ್ತಿದ್ದಾರೆ, ಅಷ್ಟೇ. ಎಡವಟ್ಟು ಇರುವುದು ತರಬೇತಿಯನ್ನು ನಾವು ಕಟ್ಟಿರುವ ರೀತಿಯಲ್ಲಿ, ಅದಕ್ಕಿಂತ ಹೆಚ್ಚಾಗಿ ಅದನ್ನು ಅಳೆಯುವ ರೀತಿಯಲ್ಲಿ. ವರ್ಷದ ಕೊನೆಗೆ ಆಡಳಿತ ಮಂಡಳಿಯ ಮುಂದೆ ಹೋಗುವ ವರದಿಯಲ್ಲಿ 'ಶೇ 98 ಮಂದಿ ಪೂರ್ಣಗೊಳಿಸಿದ್ದಾರೆ' ಎಂಬ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲಿರುವುದು ಹಾಜರಾತಿಯ ಲೆಕ್ಕ. ಅದನ್ನು ಕಲಿಕೆಯ ಲೆಕ್ಕವೆಂದು ಓದುತ್ತಾ ಬಂದಿರುವುದರಿಂದಲೇ ಆನ್‌ಲೈನ್ ತರಬೇತಿ ಇಷ್ಟು ವರ್ಷವಾದರೂ ನಿಂತಲ್ಲೇ ನಿಂತಿದೆ.

ಆರು ಉತ್ತರಗಳ ವ್ಯವಸ್ಥೆ

ಹೀಗಾಗಲು ತಾಂತ್ರಿಕ ಕಾರಣವೂ ಇದೆ. ಯಾರಿಗೆ ಯಾವ ಕೋರ್ಸ್, ಕೊನೆಯ ದಿನ ಯಾವುದು, ಯಾರು ಇನ್ನೂ ಮಾಡಿಲ್ಲ ಎಂಬುದನ್ನೆಲ್ಲ ನೋಡಿಕೊಳ್ಳುವ ತಂತ್ರಾಂಶವೇ ಎಲ್‌ಎಂಎಸ್. ಒಬ್ಬರು ತಯಾರಿಸಿದ ಕೋರ್ಸ್ ಇನ್ನೊಬ್ಬರ ಎಲ್‌ಎಂಎಸ್‌ನಲ್ಲೂ ಓಡಬೇಕು ಎಂಬ ಉದ್ದೇಶದಿಂದ ಅಮೆರಿಕದ ರಕ್ಷಣಾ ಇಲಾಖೆಯ ಬೆಂಬಲದಲ್ಲಿ ಸ್ಕಾರ್ಮ್ ಎಂಬ ಮಾನದಂಡ ರೂಪುಗೊಂಡಿತು. ಅದರ 1.2 ಆವೃತ್ತಿ ಬಂದದ್ದು 2001ರಲ್ಲಿ. ಇವತ್ತಿಗೂ ಅದು ಬಳಕೆಯಲ್ಲಿದೆ. ಆ ಆವೃತ್ತಿಯಲ್ಲಿ ಪಾಠದ ಸ್ಥಿತಿಯನ್ನು ತಿಳಿಸಲು ಇರುವುದು ಆರೇ ಉತ್ತರ: ಪಾಸ್, ಫೇಲ್, ಮುಗಿದಿದೆ, ಅರ್ಧದಲ್ಲಿದೆ, ಮೇಲೆ ಮೇಲೆ ನೋಡಲಾಗಿದೆ, ಇನ್ನೂ ಶುರುವಾಗಿಲ್ಲ. ಜೊತೆಗೆ ಅಂಕ, ಕಳೆದ ಸಮಯ. ಯಾವ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಎಂದು ದಾಖಲಿಸಲು ದಾರಿ ಇದ್ದರೂ ಅದು ಕಡ್ಡಾಯವಲ್ಲ.

ಹೀಗೆ ಡ್ಯಾಶ್‌ಬೋರ್ಡ್‌ಗೆ ಕಾಣುವುದು ಈ ಆರೇ ಆದಾಗ ಮ್ಯಾನೇಜರ್ ಕೇಳುವುದೂ ಅದನ್ನೇ, ಕೋರ್ಸ್ ಮಾಡುವವರು ಗುರಿ ಇಡುವುದೂ ಅದನ್ನೇ. 'ನೆಕ್ಸ್ಟ್' ಬಟನ್ ಒತ್ತದೆ ಮುಂದೆ ಹೋಗಲಾಗದ ಪುಟಗಳು, ಮುಂದಕ್ಕೆ ಓಡಿಸಲು ಬಾರದ ವಿಡಿಯೊಗಳು, ಕೊನೆಯಲ್ಲಿ ಶೇ 80 ಬರುವತನಕ ಎಷ್ಟು ಸಲ ಬೇಕಾದರೂ ಬರೆಯಬಹುದಾದ ಕ್ವಿಜ್ ಎಲ್ಲವೂ ಈ ಒತ್ತಡದ ಮಕ್ಕಳು. ನೌಕರರು ಇದಕ್ಕೆ ತಕ್ಕ ಉಪಾಯ ಕಂಡುಕೊಂಡಿದ್ದಾರೆ. ವಿಡಿಯೊ ಮ್ಯೂಟ್ ಮಾಡಿ ಪಕ್ಕದ ಟ್ಯಾಬ್‌ನಲ್ಲಿ ಕೆಲಸ ಮಾಡುತ್ತಾರೆ. ಕ್ವಿಜ್‌ನ ಉತ್ತರಗಳ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆ.

2013ರಲ್ಲಿ ಎಕ್ಸ್‌ಎಪಿಐ ಎಂಬ ಹೊಸ ಮಾನದಂಡ ಬಂತು. ಇಂಥವರು, ಇಂಥ ಕೆಲಸವನ್ನು, ಇಲ್ಲಿ ಮಾಡಿದರು ಎಂಬ ಸರಳ ವಾಕ್ಯದ ರೂಪದಲ್ಲಿ ಅದು ಕಲಿಕೆಯನ್ನು ದಾಖಲಿಸುತ್ತದೆ. ಎಲ್‌ಎಂಎಸ್‌ನ ಹೊರಗೆ ನಡೆದದ್ದೂ, ಉದಾಹರಣೆಗೆ ಸಿಮ್ಯುಲೇಟರ್‌ನಲ್ಲಿ ಮಾಡಿದ ಅಭ್ಯಾಸ, ಅದಕ್ಕೆ ಸಿಗುತ್ತದೆ. ಅವಕಾಶವೇನೋ ದೊಡ್ಡದು. ಆದರೆ ಏನನ್ನು ನೋಡಬೇಕು ಎಂದು ನಿರ್ಧರಿಸದೆ ಎಲ್ಲವನ್ನೂ ದಾಖಲಿಸಲು ಹೊರಟರೆ ಶೇ 100ರ ಜಾಗದಲ್ಲಿ ಇನ್ನಷ್ಟು ಗ್ರಾಫ್‌ಗಳು ಬರುತ್ತವೆ, ಅಷ್ಟೇ.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಕೆಲವು ತರಬೇತಿಗಳು ನಡೆಯುವುದೇ ದಾಖಲೆಗಾಗಿ. ಕಾನೂನು ಕೇಳುತ್ತದೆ, ತಪಾಸಣೆಗೆ ಬರುವವರು ಕೇಳುತ್ತಾರೆ, ನಾಳೆ ನ್ಯಾಯಾಲಯದಲ್ಲಿ 'ನಾವು ತಿಳಿಸಿದ್ದೆವು' ಎನ್ನಲು ಸಾಕ್ಷಿ ಬೇಕು. ಅದರಲ್ಲಿ ತಪ್ಪಿಲ್ಲ. ಆದರೆ ಅಂಥದ್ದನ್ನು ದಾಖಲೆ ಎಂದೇ ಕರೆದು, ಸಾಧ್ಯವಾದಷ್ಟು ಚಿಕ್ಕದು ಮಾಡಿ ಮುಗಿಸಬೇಕು. ದಾಖಲೆಯ ಕೋರ್ಸಿಗೆ ಕಲಿಕೆಯ ವೇಷ ಹಾಕಿದಾಗ ನಿಜವಾದ ಕಲಿಕೆಯ ಕೋರ್ಸುಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಮರೆವಿನ ಲೆಕ್ಕ, ನೆನಪಿನ ಲೆಕ್ಕ

ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಮರೆವಿನ ಬಗ್ಗೆ ಪ್ರಕಟಿಸಿದ ಪ್ರಯೋಗಗಳನ್ನು ತರಬೇತಿ ಸಾಧನ ಮಾರುವವರೆಲ್ಲ ಉದ್ಧರಿಸುತ್ತಾರೆ. 'ಒಂದೇ ದಿನದಲ್ಲಿ ಮನುಷ್ಯ ಕಲಿತದ್ದರಲ್ಲಿ ಶೇ 70 ಮರೆಯುತ್ತಾನೆ' ಎಂಬ ಸ್ಲೈಡ್ ಮಾರಾಟದ ಪ್ರಸ್ತುತಿಗಳಲ್ಲಿ ಆಗಾಗ ಕಾಣುತ್ತದೆ. ಆ ಪ್ರಯೋಗದಲ್ಲಿ ಕಲಿತವರು ಎಬ್ಬಿಂಗ್‌ಹೌಸ್ ಒಬ್ಬರೇ. ಅವರು ಕಲಿತದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು. ತನ್ನ ಯಂತ್ರದ ಬಗ್ಗೆ, ತನ್ನ ಗ್ರಾಹಕರ ಬಗ್ಗೆ ಕಲಿಯುವವರು ಅದೇ ಪ್ರಮಾಣದಲ್ಲಿ ಮರೆಯುತ್ತಾರೆ ಎನ್ನಲು ಅದು ಆಧಾರವಾಗುವುದಿಲ್ಲ. ಮೊದಲು ವೇಗವಾಗಿ, ಆಮೇಲೆ ನಿಧಾನವಾಗಿ ಮರೆಯುತ್ತೇವೆ ಎಂಬ ಒಟ್ಟು ಆಕಾರ ಮಾತ್ರ ಸರಿ. ನಂತರ ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೂ ಅದು ಕಂಡಿದೆ.

ನಮಗೆ ಹೆಚ್ಚು ಕೆಲಸಕ್ಕೆ ಬರುವುದು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಮಾಡಿದ ಪ್ರಯೋಗ. ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಕೆಲವರು ಅದನ್ನು ಇನ್ನೊಮ್ಮೆ ಓದಿದರು. ಉಳಿದವರು ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೊಮ್ಮೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ಲೆಕ್ಕ ತಿರುಗುಮುರುಗಾಯಿತು: ಮತ್ತೊಮ್ಮೆ ಓದಿದವರಿಗೆ ಶೇ 42 ನೆನಪಿತ್ತು, ನೆನಪಿಸಿಕೊಂಡು ಬರೆದವರಿಗೆ ಶೇ 56.

ಈ ಒಂದು ಫಲಿತಾಂಶವನ್ನು ನಮ್ಮ ಕೋರ್ಸುಗಳ ಪಕ್ಕದಲ್ಲಿಟ್ಟು ನೋಡಿ. ನಾವು ಪಾಠ ಮುಗಿದ ಐದು ನಿಮಿಷಕ್ಕೆ ಕ್ವಿಜ್ ಇಡುತ್ತೇವೆ. ಸುಮ್ಮನೆ ಓದಿದವರೂ ಚೆನ್ನಾಗಿ ಅಂಕ ತೆಗೆಯುವುದು ಆ ಹೊತ್ತಿನಲ್ಲೇ. ಒಂದು ವಾರದ ನಂತರ ಏನಾಯಿತು ಎಂದು ಕೇಳುವುದೇ ಇಲ್ಲ. ಕ್ವಿಜ್ ಎಂದರೆ ಕೊನೆಗೆ ಅಂಕ ಕೊಡುವ ಸಾಧನ ಎಂದುಕೊಂಡಿದ್ದೇವೆ; ನಿಜಕ್ಕೂ ಅದು ಕಲಿಸುವ ಸಾಧನ.

ಹಾಗಾದರೆ ಎರಡು ಗಂಟೆಯ ಒಂದು ಕೋರ್ಸನ್ನು ಹೇಗೆ ಬದಲಿಸಬಹುದು? ಹೊಸ ಬಿಲ್ಲಿಂಗ್ ತಂತ್ರಾಂಶ ಬಂದಿದೆ ಎನ್ನೋಣ. ಮೊದಲ ದಿನ ಅರ್ಧ ಗಂಟೆ, ಅದರಲ್ಲೂ ಹೆಚ್ಚಿನ ಹೊತ್ತು ಅಭ್ಯಾಸದ ಖಾತೆಯಲ್ಲಿ ಬಿಲ್ ಮಾಡುವುದು. ಮರುದಿನ ಮೂರು ಪ್ರಶ್ನೆ. ವಾರ ಕಳೆದ ಮೇಲೆ ಮೂರು, ಮೂರು ವಾರಕ್ಕೆ ಮತ್ತೆ ಮೂರು, ಎರಡು ತಿಂಗಳಿಗೆ ಇನ್ನೊಮ್ಮೆ. ತಪ್ಪಿದ ಪ್ರಶ್ನೆ ಬೇಗ ಮರಳಿ ಬರುತ್ತದೆ, ಸರಿಯಾದದ್ದು ತಡವಾಗಿ. ಎಷ್ಟು ಕಾಲ ನೆನಪಿರಬೇಕೋ ಅದಕ್ಕೆ ತಕ್ಕಂತೆ ನಡುವಿನ ಅಂತರವನ್ನೂ ಹಿಗ್ಗಿಸಬೇಕು ಎಂಬುದನ್ನು ಬಿಡುವು ಬಿಟ್ಟು ಕಲಿಯುವುದರ ಕುರಿತ ಸಂಶೋಧನೆ ಮತ್ತೆ ಮತ್ತೆ ತೋರಿಸಿದೆ. ಒಟ್ಟು ಸಮಯ ಮೊದಲಿಗಿಂತ ಕಡಿಮೆಯೇ ಆಗುತ್ತದೆ. ಇದಕ್ಕೆ ದುಬಾರಿ ವೇದಿಕೆ ಬೇಕಿಲ್ಲ. ಆ್ಯಂಕಿ ಎಂಬ ಉಚಿತ ತಂತ್ರಾಂಶ 2006ರಿಂದ ಇದೇ ಕೆಲಸ ಮಾಡುತ್ತಿದೆ. ಅದೂ ಬೇಡವೆಂದರೆ ಕ್ಯಾಲೆಂಡರ್‌ನಲ್ಲಿ ಮೊದಲೇ ದಿನ ಗುರುತಿಸಿ, ಕಚೇರಿಯ ಚಾಟ್‌ಗೆ ಒಂದು ಫಾರ್ಮ್‌ನ ಕೊಂಡಿ ಹಾಕಿದರೂ ನಡೆಯುತ್ತದೆ.

ಪ್ರಶ್ನೆ ಎಂಥದ್ದು ಎಂಬುದರ ಮೇಲೆ ಎಲ್ಲ ನಿಂತಿದೆ. ಗ್ರಾಹಕರ ಮಾಹಿತಿಯ ಗೋಪ್ಯತೆ ಕುರಿತ ಕೋರ್ಸಿನಲ್ಲಿ ಸಾಮಾನ್ಯವಾಗಿ ಬರುವ ಪ್ರಶ್ನೆ ಹೀಗಿರುತ್ತದೆ: 'ಗ್ರಾಹಕರ ಮಾಹಿತಿಯನ್ನು ಕಾಪಾಡುವುದು ಯಾರ ಹೊಣೆ? ಅ) ಐಟಿ ವಿಭಾಗ ಆ) ಕಾನೂನು ವಿಭಾಗ ಇ) ಮ್ಯಾನೇಜರ್ ಈ) ಮೇಲಿನ ಎಲ್ಲರೂ'. ಕೋರ್ಸ್ ನೋಡದವರೂ ಇದಕ್ಕೆ ಸರಿ ಉತ್ತರ ಕೊಡುತ್ತಾರೆ. ಅದೇ ವಿಷಯವನ್ನು ಹೀಗೆ ಕೇಳಿ ನೋಡಿ:

'ಒಬ್ಬರು ಕರೆ ಮಾಡಿದ್ದಾರೆ. ದನಿಯಲ್ಲಿ ಗಾಬರಿ ಇದೆ. "ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಈಗಲೇ ದುಡ್ಡು ಕಟ್ಟಬೇಕು, ಅವಳ ಖಾತೆಯಲ್ಲಿ ಎಷ್ಟಿದೆ ಅಂತ ಅಷ್ಟೇ ಹೇಳಿ ಸಾಕು" ಎನ್ನುತ್ತಾರೆ. ಹೆಂಡತಿಯ ಹುಟ್ಟಿದ ದಿನ, ವಿಳಾಸ, ಖಾತೆಯ ಸಂಖ್ಯೆ ಎಲ್ಲ ಸರಿಯಾಗಿ ಹೇಳಿದ್ದಾರೆ. ನೀವು ಈಗ ಏನು ಹೇಳುತ್ತೀರಿ?'

ಆಯ್ಕೆಗಳೂ ನಿಜವಾದ ಮಾತುಗಳೇ ಆಗಿರಲಿ. 'ಸರ್, ವಿವರ ಎಲ್ಲ ಸರಿ ಇದೆ, ಹೇಳ್ತೀನಿ' ಎಂಬುದು ಒಂದು. 'ಅದು ನಿಯಮಕ್ಕೆ ವಿರುದ್ಧ, ಆಗಲ್ಲ' ಎಂದು ಫೋನ್ ಇಡುವುದು ಇನ್ನೊಂದು. 'ಸರ್, ಖಾತೆಯ ವಿವರ ಅವರಿಗೆ ಮಾತ್ರ ಹೇಳೋಕೆ ಆಗೋದು. ಅವರು ಒಂದು ನಿಮಿಷ ಮಾತಾಡೋ ಸ್ಥಿತಿಯಲ್ಲಿದ್ದರೆ ಅವರಿಂದಲೇ ಕರೆ ಮಾಡಿಸಿ, ತಕ್ಷಣ ನೋಡ್ತೀನಿ. ಇಲ್ಲಾಂದ್ರೆ ತುರ್ತು ವಿಭಾಗಕ್ಕೆ ಈಗಲೇ ಲೈನ್ ಕೊಡ್ತೀನಿ' ಎಂಬುದು ಮೂರನೆಯದು. ಮೊದಲ ಉತ್ತರ ಆರಿಸಿಕೊಂಡವರಿಗೆ 'ತಪ್ಪು' ಎಂಬ ಕೆಂಪು ಗುರುತು ಸಾಲದು. ಮುಂದೆ ಏನಾಯಿತು ಎಂದು ತೋರಿಸಬೇಕು: ಕರೆ ಮಾಡಿದವರು ಬೇರ್ಪಟ್ಟ ಗಂಡ, ಮರುದಿನ ಖಾತೆದಾರರಿಂದ ದೂರು ಬಂತು. ಎರಡನೆಯದನ್ನು ಆರಿಸಿದವರಿಗೆ, ನಿಯಮ ಉಳಿಯಿತು, ಆದರೆ ನಿಜವಾಗಿಯೂ ಕಷ್ಟದಲ್ಲಿದ್ದವರೊಬ್ಬರನ್ನು ನಡುನೀರಿನಲ್ಲಿ ಬಿಟ್ಟಿರಿ ಎಂದು ಕಾಣಬೇಕು. ಇಂಥ ನಾಲ್ಕು ಸನ್ನಿವೇಶ ಬರೆಯಲು ಆ ಕೆಲಸ ದಿನವೂ ಮಾಡುವವರ ಜೊತೆ ಒಂದು ಮಧ್ಯಾಹ್ನ ಕೂರಬೇಕಾಗುತ್ತದೆ. ನಲವತ್ತು ಸ್ಲೈಡ್ ಮಾಡುವುದಕ್ಕಿಂತ ಆ ಮಧ್ಯಾಹ್ನ ಹೆಚ್ಚು ಬೆಲೆಯದು.

ಚಿಕ್ಕ ವಿಡಿಯೊ, ದೊಡ್ಡ ಲೈಬ್ರರಿ

ಮೈಕ್ರೋಲರ್ನಿಂಗ್ ಎಂಬ ಹೆಸರಿನಲ್ಲಿ ಮೂರು ನಿಮಿಷದ ವಿಡಿಯೊಗಳು ಎಲ್ಲೆಡೆ ತುಂಬಿವೆ. ಇದಕ್ಕೆ ಆಧಾರವಾಗಿ ಹೆಚ್ಚಾಗಿ ಹೇಳುವುದು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸ್‌ಗಳ ಮೇಲೆ 2014ರಲ್ಲಿ ಪ್ರಕಟವಾದ ಅಧ್ಯಯನ. ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದಾಗ, ವಿಡಿಯೊ ಎಷ್ಟೇ ಉದ್ದವಿದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡುವುದಿಲ್ಲ ಎಂದು ಗೊತ್ತಾಯಿತು. ಆದರೆ ಅದು ನೋಡುವ ಲೆಕ್ಕ, ಕಲಿಯುವ ಲೆಕ್ಕವಲ್ಲ. ಒಂದು ಗಂಟೆಯ ಉಪನ್ಯಾಸವನ್ನು ಹತ್ತು ತುಂಡು ಮಾಡಿದರೆ ಹತ್ತು ತುಂಡು ಉಪನ್ಯಾಸ ಸಿಗುತ್ತದೆ. ಒಂದು ವಿಡಿಯೊ ಒಂದೇ ಕೆಲಸವನ್ನು ತೋರಿಸಿ, ಕೂಡಲೇ ಅದನ್ನು ಮಾಡಿಸಿದರೆ ಚಿಕ್ಕದಾಗಿರುವುದಕ್ಕೆ ಅರ್ಥವಿದೆ.

ವಿಡಿಯೊ ಮಾಡುವವರು ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಪ್ರಯೋಗಗಳಿಂದ ಬಂದ ಒಂದು ಅಂಶವನ್ನಾದರೂ ಪಾಲಿಸಬೇಕು: ಚಿತ್ರದ ಜೊತೆ ದನಿಯಲ್ಲಿ ಹೇಳುತ್ತಿರುವುದನ್ನೇ ತೆರೆಯ ಮೇಲೆ ಪೂರ್ತಿ ಬರೆದು ಓದಿಸಬೇಡಿ, ಕಣ್ಣು ಚಿತ್ರವನ್ನೂ ನೋಡಬೇಕು, ಅಕ್ಷರವನ್ನೂ ಓದಬೇಕು, ಎರಡೂ ಕೆಡುತ್ತದೆ. ಇದರ ಅರ್ಥ ಸಬ್‌ಟೈಟಲ್ ಬೇಡವೆಂದಲ್ಲ. ಕಿವಿ ಕೇಳದವರಿಗೆ, ಗದ್ದಲದ ಜಾಗದಲ್ಲಿ ಕೆಲಸ ಮಾಡುವವರಿಗೆ, ಆ ಭಾಷೆ ತಾಯ್ನುಡಿಯಲ್ಲದವರಿಗೆ ಅದು ಬೇಕೇ ಬೇಕು. ಬೇಕಾದವರು ಹಾಕಿಕೊಳ್ಳುವಂತೆ, ಬೇಡದವರು ತೆಗೆಯುವಂತೆ ಇರಲಿ.

ಇನ್ನು ಸಾವಿರಾರು ಕೋರ್ಸ್‌ಗಳ ಲೈಬ್ರರಿಗೆ ಚಂದಾ ಕಟ್ಟಿ 'ಬೇಕಾದ್ದು ಕಲಿಯಿರಿ' ಎನ್ನುವ ಪದ್ಧತಿ. ಎಂಐಟಿ ಮತ್ತು ಹಾರ್ವರ್ಡ್‌ನ ಮುಕ್ತ ಆನ್‌ಲೈನ್ ಕೋರ್ಸ್‌ಗಳನ್ನು 2017-18ರಲ್ಲಿ ಪೂರ್ತಿ ಮುಗಿಸಿದವರು ಸೇರಿದವರಲ್ಲಿ ಶೇ 3ರ ಆಸುಪಾಸು ಎಂದು 2019ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ಜಗತ್ತಿನ ಅತ್ಯುತ್ತಮ ಪಾಠಗಳ ಕಥೆಯೇ ಹೀಗಿದ್ದಾಗ ಬರಿಯ ಲಭ್ಯತೆಯಿಂದ ಕಲಿಕೆ ಆಗುವುದಿಲ್ಲ ಎಂಬುದು ಸ್ಪಷ್ಟ. ಅದರ ಜೊತೆ ಕೆಲಸದ ವೇಳೆಯಲ್ಲೇ ಸಮಯ ಕೊಡದಿದ್ದರೆ ಅದು ನೌಕರರ ರಾತ್ರಿ, ಭಾನುವಾರಗಳನ್ನು ತಿನ್ನುತ್ತದೆ. ಮನೆಯಲ್ಲಿ ಮಗುವನ್ನೋ ವಯಸ್ಸಾದವರನ್ನೋ ನೋಡಿಕೊಳ್ಳುವವರು ಇದರಲ್ಲಿ ಹಿಂದೆ ಬೀಳುತ್ತಾರೆ, ಬಡ್ತಿಯ ಪಟ್ಟಿಯಲ್ಲೂ ಹಿಂದೆ ಬೀಳುತ್ತಾರೆ. ತರಬೇತಿ ಕೆಲಸದ ಭಾಗವೇ ಆಗಿದ್ದರೆ ಅದು ಸಂಬಳದ ವೇಳೆಯಲ್ಲಿ ನಡೆಯಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಎಐ ಏನು ಬದಲಿಸಿದೆ

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎರಡು ಬೇರೆ ಬೇರೆ ಬದಲಾವಣೆಗಳು ಒಟ್ಟಿಗೆ ನಡೆಯುತ್ತಿವೆ. ಎರಡನ್ನೂ 'ಎಐ ತರಬೇತಿ' ಎಂದೇ ಕರೆಯುವುದರಿಂದ ಗೊಂದಲ.

ಒಂದು, ಕೋರ್ಸ್ ತಯಾರಿ ಅಗ್ಗವಾಗಿದೆ. ನಲವತ್ತು ಪುಟದ ನೀತಿ ದಾಖಲೆ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸ್ಲೈಡ್, ದನಿ, ಮಾತಾಡುವ ಕೃತಕ ಮುಖ, ಕ್ವಿಜ್ ಎಲ್ಲ ಸಿದ್ಧ. ಅನುವಾದ ಸುಲಭವಾಗಿರುವುದು ನಿಜವಾದ ಲಾಭ. ಇಂಗ್ಲಿಷ್ ಬಾರದವರಿಗೆ ಅವರ ಭಾಷೆಯಲ್ಲೇ ಸುರಕ್ಷತೆಯ ಪಾಠ ಸಿಕ್ಕರೆ ಅದು ಜೀವ ಉಳಿಸಬಹುದು. ಆ ಭಾಷೆ ಬಲ್ಲ, ಆ ಕೆಲಸವೂ ಗೊತ್ತಿರುವ ಒಬ್ಬರು ಅದನ್ನು ಓದಿ ತಿದ್ದಲೇಬೇಕು, ಆ ಮಾತು ಬೇರೆ. ನನ್ನ ಚಿಂತೆ ಇರುವುದು ಇನ್ನೊಂದು ಕಡೆ. ಮೊದಲು ಒಂದು ಗಂಟೆಯ ಕೋರ್ಸ್ ಮಾಡಲು ವಾರಗಳು ಹಿಡಿಯುತ್ತಿದ್ದವು. ಆ ಖರ್ಚೇ ಒಂದು ಅಡ್ಡಗಟ್ಟೆಯಾಗಿತ್ತು. 'ಇದು ನಿಜಕ್ಕೂ ಬೇಕಾ' ಎಂದು ಯಾರಾದರೂ ಕೇಳುತ್ತಿದ್ದರು. ಈಗ ಆ ಪ್ರಶ್ನೆ ಏಳುವ ಮೊದಲೇ ಕೋರ್ಸ್ ತಯಾರಾಗಿರುತ್ತದೆ. ತಯಾರಿಸುವ ಖರ್ಚು ಇಳಿದರೂ ಅದನ್ನು ನೋಡುವ ಸಾವಿರ ಜನರ ಸಾವಿರ ಗಂಟೆ ಹಾಗೇ ಇದೆ.

ಎರಡನೆಯ ಬದಲಾವಣೆ ಇದಕ್ಕಿಂತ ಆಳವಾದದ್ದು: ಕೆಲಸ ಮಾಡುತ್ತಿರುವಾಗಲೇ ಪಕ್ಕದಲ್ಲಿ ಎಐ ಸಹಾಯ. ಅರ್ಥಶಾಸ್ತ್ರಜ್ಞ ಎರಿಕ್ ಬ್ರಿನ್ಯಾಲ್ಫ್‌ಸನ್ ಮತ್ತು ಸಂಗಡಿಗರು ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವಾ ಸಿಬ್ಬಂದಿಯ ಕೆಲಸವನ್ನು ಪರಿಶೀಲಿಸಿ 2023ರಲ್ಲಿ ವರದಿ ಮಾಡಿದರು. ಏನು ಉತ್ತರಿಸಬಹುದು ಎಂದು ಎಐ ಸೂಚಿಸುತ್ತಿದ್ದಾಗ ಗಂಟೆಗೆ ಬಗೆಹರಿಯುವ ದೂರುಗಳ ಸಂಖ್ಯೆ ಸರಾಸರಿ ಶೇ 14 ಏರಿತು. ಹೊಸಬರಲ್ಲಿ ಮತ್ತು ಕೌಶಲ ಕಡಿಮೆ ಇದ್ದವರಲ್ಲಿ ಏರಿಕೆ ಶೇ 34ರಷ್ಟಿತ್ತು. ಅನುಭವಿಗಳಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಅನುಭವಿಗಳ ಜಾಣ್ಮೆಯೇ ಆ ಸಾಧನದ ಮೂಲಕ ಹೊಸಬರಿಗೆ ಹರಿದಿತ್ತು. ವ್ಯವಸ್ಥೆ ಕೆಟ್ಟುನಿಂತ ಹೊತ್ತಿನಲ್ಲೂ, ಅದನ್ನು ಬಳಸಿ ರೂಢಿಯಾಗಿದ್ದವರು ಮೊದಲಿಗಿಂತ ಚೆನ್ನಾಗಿಯೇ ಕೆಲಸ ಮಾಡಿದ್ದು ಇನ್ನೂ ಗಮನಾರ್ಹ. ಅಂದರೆ ಸ್ವಲ್ಪ ಮಟ್ಟಿಗೆ ಅವರು ಕಲಿತೂ ಇದ್ದರು.

ಎಲ್ಲ ಕಡೆ ಹೀಗಾಗುವುದಿಲ್ಲ. ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಗಣಿತ ತರಗತಿಗಳಲ್ಲಿ ನಡೆದ ಪ್ರಯೋಗದಲ್ಲಿ, ಸಾಮಾನ್ಯ ಚಾಟ್‌ಬಾಟ್ ಬಳಸಿದವರ ಅಭ್ಯಾಸದ ಅಂಕ ಶೇ 48 ಏರಿತು. ಅದನ್ನು ಕಿತ್ತುಕೊಂಡು ಪರೀಕ್ಷೆ ಮಾಡಿದಾಗ ಚಾಟ್‌ಬಾಟೇ ಇಲ್ಲದೆ ಓದಿದವರಿಗಿಂತ ಶೇ 17 ಕೆಳಗಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಬಾಟ್ ಬಳಸಿದವರಲ್ಲಿ ಈ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಶಾಲೆಯ ಪ್ರಯೋಗವಾದರೂ ಕಚೇರಿಗೂ ಇದು ಅನ್ವಯಿಸುತ್ತದೆ ಎನಿಸುತ್ತದೆ. ಎಐ ಯಾವಾಗಲೂ ಪಕ್ಕದಲ್ಲೇ ಇರುವ ಕೆಲಸವಾದರೆ ಉತ್ತರವನ್ನೇ ಕೊಡಲಿ. ವಿದ್ಯುತ್ ಹೋದಾಗ, ರೋಗಿ ಎದುರಿಗಿದ್ದಾಗ, ಯಂತ್ರ ಹೊಗೆ ಉಗುಳುವಾಗ ಮನುಷ್ಯನೇ ನಿರ್ಧರಿಸಬೇಕಾದ ಕೆಲಸವಾದರೆ ಅಭ್ಯಾಸದ ಹೊತ್ತಿನಲ್ಲಿ ಎಐ ಬಾಯಿ ಮುಚ್ಚಿಕೊಂಡು ಪ್ರಶ್ನೆ ಕೇಳುವಂತಿರಬೇಕು. ಈ ವಿಂಗಡಣೆಯನ್ನು ತರಬೇತಿ ವಿಭಾಗ ಈಗಲೇ, ಒಂದೊಂದು ಹುದ್ದೆಗೂ ಕೂತು ಮಾಡಬೇಕು.

ಕ್ಯಾಮೆರಾ ಮೂಲಕ ಮುಖ ನೋಡಿ 'ಗಮನ ಇದೆಯೋ ಇಲ್ಲವೋ' ಎಂದು ಅಳೆಯುವ ಸಾಧನಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೆಲಸದ ಸ್ಥಳದಲ್ಲೂ ಶಿಕ್ಷಣ ಸಂಸ್ಥೆಗಳಲ್ಲೂ ಮನುಷ್ಯರ ಭಾವನೆಗಳನ್ನು ಎಐ ಮೂಲಕ ಊಹಿಸುವುದನ್ನು, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಯುರೋಪಿಯನ್ ಒಕ್ಕೂಟದ ಕಾನೂನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ಒಳ್ಳೆಯ ನಿಷೇಧ.

ಕೈಗೆ ಸಿಗುವ ಸಾಧನಗಳು

ಬಜೆಟ್ ಇಲ್ಲದ ಸಣ್ಣ ಸಂಸ್ಥೆಗಳು ನಿರಾಶರಾಗಬೇಕಿಲ್ಲ. ಮಾರ್ಟಿನ್ ಡೂಗಿಯಾಮಸ್ ಶುರು ಮಾಡಿದ ಮೂಡಲ್ 2002ರಿಂದ ಮುಕ್ತ ತಂತ್ರಾಂಶವಾಗಿ ಸಿಗುತ್ತಿದೆ. ಎಲ್‌ಎಂಎಸ್ ಆಗಿ ಸಾಕಷ್ಟು ಗಟ್ಟಿ. ಆಯ್ಕೆಗೆ ತಕ್ಕಂತೆ ಕವಲೊಡೆಯುವ ಸನ್ನಿವೇಶ, ನಡುವೆ ಪ್ರಶ್ನೆ ಕೇಳುವ ವಿಡಿಯೊಗಳನ್ನು ಎಚ್‌5ಪಿ ಎಂಬ ಸಾಧನ ಬಳಸಿ ಕೋಡ್ ಬರೆಯದೆ ಮಾಡಬಹುದು. ತೆರೆಯನ್ನು ರೆಕಾರ್ಡ್ ಮಾಡಲು ಒಬಿಎಸ್ ಸ್ಟುಡಿಯೊ, ದನಿ ತಿದ್ದಲು ಆಡಾಸಿಟಿ, ಎರಡೂ ಉಚಿತ. ಯಾವುದೇ ಸಾಧನ ಆರಿಸಿದರೂ ಮೂಲ ಬರಹ, ಚಿತ್ರ, ಪ್ರಶ್ನೆಗಳನ್ನು ನಿಮ್ಮದೇ ಫೋಲ್ಡರ್‌ನಲ್ಲಿ ಸಾಮಾನ್ಯ ರೂಪದಲ್ಲಿ ಇಟ್ಟುಕೊಳ್ಳಿ. ಅಡೋಬಿ ಕಂಪನಿ ಫ್ಲ್ಯಾಶ್ ಎಂಬ ತನ್ನ ತಂತ್ರಾಂಶಕ್ಕೆ ಬೆಂಬಲವನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿದಾಗ, ಅದರಲ್ಲಿ ಕಟ್ಟಿದ್ದ ಹಳೆಯ ಕೋರ್ಸ್‌ಗಳು ತೆರೆಯದಂತಾದವು. ಮೂಲ ಇಟ್ಟುಕೊಂಡವರು ಮತ್ತೆ ಕಟ್ಟಿದರು, ಇಲ್ಲದವರು ಮೊದಲಿನಿಂದ ಬರೆಯಬೇಕಾಯಿತು.

ಅತ್ಯಂತ ಕಡಿಮೆ ಗೌರವ ಸಿಗುವ ಸಾಧನ ಎಂದರೆ ಒಂದು ಪುಟದ ಕಾಗದ. ತಿಂಗಳಿಗೊಮ್ಮೆ ಮಾತ್ರ ಮಾಡುವ, ಹದಿನೈದು ಹಂತಗಳ ಕೆಲಸವನ್ನು ನೆನಪಿಟ್ಟುಕೊಳ್ಳಿ ಎನ್ನುವುದು ಅರ್ಥವಿಲ್ಲದ್ದು. ಅದನ್ನು ಯಂತ್ರದ ಪಕ್ಕ ಅಂಟಿಸಿ, ಅಥವಾ ಕ್ಯೂಆರ್ ಕೋಡ್ ಇಟ್ಟು ಫೋನಿನಲ್ಲಿ ತೆರೆಯುವಂತೆ ಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಪರಿಶೀಲನಾ ಪಟ್ಟಿಯನ್ನು ಹೊರತಂದಿತು. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ ಶೇ 0.8ಕ್ಕೆ ಇಳಿಯಿತು ಎಂದು 2009ರ ಅಧ್ಯಯನ ಹೇಳಿತು. ಮುಂದೆ ಕೆನಡಾದ ಒಂಟಾರಿಯೊದಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತಂದಾಗ ಹೇಳಿಕೊಳ್ಳುವ ಇಳಿಕೆ ಕಾಣಲಿಲ್ಲ ಎಂದು 2014ರಲ್ಲಿ ವರದಿಯಾಯಿತು. ಪಟ್ಟಿ ಬಳಸಿದ್ದೇವೆ ಎಂದು ಆಸ್ಪತ್ರೆಗಳು ಹೇಳಿಕೊಂಡ ಪ್ರಮಾಣ ಮಾತ್ರ ಬಹಳ ಹೆಚ್ಚಿತ್ತು. ತಂಡವೆಲ್ಲ ನಿಂತು, ಒಬ್ಬರನ್ನೊಬ್ಬರು ಕೇಳಿ, ಉತ್ತರ ಕೊಡುವುದಕ್ಕೂ ಸುಮ್ಮನೆ ಟಿಕ್ ಹಾಕುವುದಕ್ಕೂ ಇರುವ ದೂರ ದೊಡ್ಡದು. ಎಲ್‌ಎಂಎಸ್‌ನಲ್ಲಿ ನಾವು ನೋಡುತ್ತಿರುವುದೂ ಇದೇ ದೂರವನ್ನು.

ಆ ದೂರವನ್ನು ಕಡಿಮೆ ಮಾಡಬಲ್ಲವರು ನೇರ ಮೇಲಧಿಕಾರಿಗಳು. ಕೋರ್ಸ್‌ಗೆ ಮೊದಲು 'ನೀವು ಇದರಲ್ಲಿ ಇಂಥದ್ದನ್ನು ನೋಡಿಕೊಂಡು ಬನ್ನಿ, ಮುಂದಿನ ವಾರ ಈ ಕೆಲಸ ನಿಮ್ಮದೇ' ಎನ್ನುವ ಐದು ನಿಮಿಷ, ಆಮೇಲೆ 'ಎಲ್ಲಿ ತೊಡಕಾಯಿತು' ಎಂದು ಕೇಳುವ ಹತ್ತು ನಿಮಿಷ. ಇದನ್ನು ಯಾವ ವೇದಿಕೆಯೂ ಮಾರುವುದಿಲ್ಲ, ಹಾಗಾಗಿ ಯಾವ ಬಜೆಟ್‌ನಲ್ಲೂ ಇರುವುದಿಲ್ಲ.

ಅಳತೆಯ ವಿಷಯಕ್ಕೆ ಬಂದರೆ ಅಮೆರಿಕದ ತರಬೇತಿ ತಜ್ಞ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ನಾಲ್ಕು ಹಂತ ಹೇಳಿದ್ದರು: ಕಲಿತವರ ಅನಿಸಿಕೆ, ಕಲಿಕೆ, ಕೆಲಸದಲ್ಲಿನ ನಡವಳಿಕೆ, ಸಂಸ್ಥೆಗಾದ ಫಲ. ನಾವು ಮೊದಲ ಹಂತದ ನಕ್ಷತ್ರಗಳನ್ನು ಎಣಿಸಿ, ಎರಡನೆಯದನ್ನು ಕ್ವಿಜ್‌ಗೆ ಬಿಟ್ಟು ಅಲ್ಲೇ ಕೂತಿದ್ದೇವೆ. ಮೂರನೆಯದಕ್ಕೆ ಹೊಸ ವ್ಯವಸ್ಥೆ ಬೇಕಿಲ್ಲ. ಸಂಸ್ಥೆ ಈಗಾಗಲೇ ಬರೆದಿಡುತ್ತಿರುವ ಒಂದು ಸಂಖ್ಯೆ ಸಾಕು. ಮರಳಿ ಬಂದ ಬಿಲ್‌ಗಳು, ಎರಡನೇ ಸಲ ಬಂದ ದೂರುಗಳು, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳ ವರದಿ, ಇವುಗಳಲ್ಲಿ ಯಾವುದಾದರೂ ಒಂದು. ಅರ್ಧ ಶಾಖೆಗಳಲ್ಲಿ ತರಬೇತಿಯನ್ನು ಈ ತಿಂಗಳು, ಉಳಿದವುಗಳಲ್ಲಿ ಎರಡು ತಿಂಗಳು ಬಿಟ್ಟು ನಡೆಸಿದರೆ ಹೋಲಿಸಿ ನೋಡಲು ಅವಕಾಶವೂ ಸಿಗುತ್ತದೆ.

ಫಿಶಿಂಗ್ ವಿಷಯದಲ್ಲಿ ಇಂಥ ಅಳತೆಯಿಂದಲೇ ಒಂದು ದಾರಿ ಸಿಕ್ಕಿದೆ. ಸ್ವಿಟ್ಜರ್ಲೆಂಡ್‌ನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ದೊಡ್ಡ ಕಂಪನಿಯೊಂದರ 14,000ಕ್ಕೂ ಹೆಚ್ಚು ನೌಕರರನ್ನು ಹದಿನೈದು ತಿಂಗಳು ಗಮನಿಸಿದಾಗ ಅಲ್ಲೂ ಲಿಂಕ್ ಒತ್ತಿದ ಮೇಲೆ ಬರುವ ಪಾಠ ಉಪಯೋಗಕ್ಕೆ ಬರಲಿಲ್ಲ. ಆದರೆ ಮೇಲ್ ಪಕ್ಕದಲ್ಲಿ 'ಅನುಮಾನ ಇದೆ, ವರದಿ ಮಾಡಿ' ಎಂಬ ಬಟನ್ ಇಟ್ಟಾಗ ನೌಕರರು ಅದನ್ನು ತಿಂಗಳುಗಟ್ಟಲೆ ಬೇಸರವಿಲ್ಲದೆ ಒತ್ತಿದರು. ಮೊದಲ ವರದಿಗಳು ಬೇಗ ಬಂದದ್ದರಿಂದ ಹೊಸ ಮೋಸದ ಮೇಲ್‌ಗಳನ್ನು ಹಿಡಿಯುವುದು ಸಾಧ್ಯವಾಯಿತು. ಒಬ್ಬೊಬ್ಬರೂ ಎಂದೂ ಮೋಸ ಹೋಗದಂತೆ ತಯಾರಾಗಬೇಕು ಎಂಬ ಗುರಿ ಕೈಗೂಡಲಿಲ್ಲ. ಹತ್ತು ಜನರಲ್ಲಿ ಯಾರಾದರೊಬ್ಬರು ಬೇಗ ಕೂಗಿ ಹೇಳಬೇಕು ಎಂಬುದು ಕೈಗೂಡಿತು.

ಯಾವುದಾದರೂ ವಿಭಾಗ 'ನಮಗೊಂದು ಕೋರ್ಸ್ ಬೇಕು' ಎಂದು ಬಂದಾಗ ಕೇಳಬೇಕಾದದ್ದೂ ಇದನ್ನೇ: ಯಾವ ಕೆಲಸ, ಎಲ್ಲಿ, ಎಷ್ಟು ಸಲ ಕೆಡುತ್ತಿದೆ? ಫಾರ್ಮ್‌ನಲ್ಲಿ ಒಂದೇ ಥರದ ಎರಡು ಖಾನೆಗಳಿರುವುದರಿಂದ ಕೆಡುತ್ತಿದ್ದರೆ ಫಾರ್ಮ್ ತಿದ್ದಬೇಕು. ಗೊತ್ತಿದ್ದೂ ಸಮಯ ಸಿಗದೆ ಬಿಡುತ್ತಿದ್ದರೆ ಜನ ಬೇಕು. ಗೊತ್ತಿಲ್ಲದೆ ಕೆಡುತ್ತಿದ್ದರೆ ಮಾತ್ರ ತರಬೇತಿ. ವರ್ಷವೂ ಮರಳಿ ಬರುವ ಕೋರ್ಸ್‌ಗಳಿಗೆ, ಕಾನೂನು ಇಷ್ಟೇ ಗಂಟೆ ಎಂದು ಹೇಳಿರದ ಕಡೆಯಲ್ಲೆಲ್ಲ, ಸನ್ನಿವೇಶದ ಪ್ರಶ್ನೆಗಳನ್ನು ಮೊದಲೇ ಕೊಟ್ಟುಬಿಡಬಹುದು. ಸರಿ ಉತ್ತರಿಸಿದವರು ಆ ವರ್ಷ ಕೋರ್ಸ್ ನೋಡಬೇಕಿಲ್ಲ, ಉಳಿದವರು ತಪ್ಪಿದ ಭಾಗವನ್ನಷ್ಟೇ ನೋಡಲಿ. ಈ ಬದಲಾವಣೆಗೆ ಬೇಕಾದ ಸೌಲಭ್ಯ ಮೂಡಲ್ ಸೇರಿದಂತೆ ಹಲವು ಎಲ್‌ಎಂಎಸ್‌ಗಳಲ್ಲಿ ಈಗಾಗಲೇ ಇದೆ.